ಕಾಗದಗಳ ಕಟ್ಟು ಮನೆಯಲ್ಲಿಯೇ ಆಗಲಿ

ಸರ್ಕಾರದ ಕಚೇರಿಗಳಿಗೂ ಬ್ಯಾಂಕುಗಳಿಗೂ ವಿದ್ಯಾಶಾಲೆಗಳಿಗೂ ಸಲ್ಲಿಸತಕ್ಕ ಅರ್ಜಿಗಳು ಬಹುಮಟ್ಟಿಗೆ ಕಂಪ್ಯೂಟರಿನ ಮೂಲಕವೇ ಹೋಗತಕ್ಕದ್ದೆಂಬ ಏರ್ಪಾಟು ಈಚಿನ ವರ್ಷಗಳಲ್ಲಿ ನೆಲೆಗೊಂಡಿರುವುದು ವಾಚಕರಿಗೆ ತಿಳಿದೇ ಇದೆ. ಏರ್ಪಾಟು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಒಂದು ಸಹಿಗಾಗಿ ನಾಲ್ಕು ದಿನ ಕಚೇರಿಯ ಜಗಲಿಯ ಮೇಲೆ ಕುಳಿತಿರಬೇಕಾಗಿದ್ದ ಕಷ್ಟವು ಇದರಿಂದ ಎಷ್ಟೋ ತಗ್ಗಿದೆ. ಆದರೆ ಈ ಅರ್ಜಿಗಳ ಕೊನೆಯಲ್ಲಿ ಒಂದು ಸಣ್ಣ ನಿಬಂಧನೆಯು ಪದೇ ಪದೇ ಕಾಣಬರುತ್ತದೆ. ದಾಖಲೆಗಳೆಲ್ಲವನ್ನೂ ಒಂದೇ ಪಿ.ಡಿ.ಎಫ್. ಕಡತವಾಗಿ ಸೇರಿಸಿ ಕಳುಹಿಸತಕ್ಕದ್ದು, ಅದರ ಗಾತ್ರವು ಇಷ್ಟನ್ನು ಮೀರಕೂಡದು ಎಂಬುದೇ ಆ ನಿಬಂಧನೆ. ಓದಲು ಒಂದು ಸಾಲು. ನಡೆಸುವುದು ಎಲ್ಲರಿಗೂ ಬಾರದ ಕೆಲಸ. ಈ ಕೆಲಸವನ್ನು ನಮ್ಮ ಜನರು ಎಲ್ಲಿ, ಯಾರ ಕೈಯಿಂದ ಮಾಡಿಸಿಕೊಳ್ಳುತ್ತಿದ್ದಾರೆಂಬುದನ್ನು ಅಧಿಕಾರವರ್ಗದವರಾಗಲಿ ಮಹಾಜನರಾಗಲಿ ಇನ್ನೂ ಸಾಕಷ್ಟು ವಿಚಾರಿಸಿದಂತಿಲ್ಲ. ವಿಚಾರಿಸಬೇಕಾದ ಕಾಲವು ಬಂದಿದೆಯೆಂಬುದೇ ನಮ್ಮ ಅಭಿಪ್ರಾಯ.

ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ನಿವಾಸಿಗಳಿಗೆ ಈ ವಿಷಯವು ಇತರರಿಗಿಂತ ಹೆಚ್ಚಾಗಿ ತಟ್ಟತಕ್ಕದ್ದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸ ಹಿಡಿದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದುವು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಿನ ಸಂಸ್ಥೆಯಾದುವು. 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ನೆಲದೊಳಗೆ ಮೂರು ಸಾವಿರ ಮೀಟರಿಗೂ ಮೀರಿದ ಆಳಕ್ಕಿಳಿದು ದುಡಿದ ಮನೆತನಗಳಿಗೆ ಆ ದಿನದಿಂದ ಆಚೆಗೆ ಉಳಿದ ಆಸ್ತಿಯೆಂದರೆ ಕಾಗದಗಳು. ಸೇವೆಯ ಪ್ರಮಾಣಪತ್ರ, ಭವಿಷ್ಯನಿಧಿಯ ಚೀಟಿ, ವಾಸದ ಮನೆಯ ಹಂಚಿಕೆಯ ಪತ್ರ, ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟುದಕ್ಕೆ ವೈದ್ಯರು ಕೊಟ್ಟ ಬರಹ, ತಂದೆಯ ಮರಣಪತ್ರ, ಮಗನ ಜಾತಿ ಮತ್ತು ಆದಾಯಗಳ ಪತ್ರ: ಇವುಗಳಲ್ಲಿ ಒಂದು ಕೈತಪ್ಪಿದರೂ ನ್ಯಾಯವಾಗಿ ಬರತಕ್ಕ ಹಣವೋ ಹಕ್ಕೋ ವರ್ಷಗಟ್ಟಲೆ ನಿಂತುಹೋದೀತು. ಮಾರಿಕುಪ್ಪದಿಂದ ಊರಿಗಾಂ, ಬಂಗಾರಪೇಟೆಗಳ ಮಾರ್ಗವಾಗಿ ದಿನಬೆಳಗಾದರೆ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ತರುಣರ ಕೈಯಲ್ಲಿಯೂ ಇಂಥದೇ ಒಂದು ಕಟ್ಟಿರುತ್ತದೆ. ಹೊಸ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕಿನ ಪುಸ್ತಕ ಇವೆಲ್ಲವೂ ಒಂದೇ ಕಡತವಾಗಬೇಕು.

ಈಗ ನಡೆಯುತ್ತಿರುವುದೇನು? ಅರ್ಜಿದಾರನು ಪೇಟೆಯ ಅಂಗಡಿಗೆ ಹೋಗುತ್ತಾನೆ, ಇಲ್ಲವೆ ತನ್ನ ಮೊಬೈಲನ್ನು ತೆಗೆಯುತ್ತಾನೆ. ಪಿ.ಡಿ.ಎಫ್. ಸೇರಿಸುವ ಬಗೆಯನ್ನು ಹುಡುಕಿದೊಡನೆ ಹತ್ತಾರು ಅಂತರಜಾಲ ತಾಣಗಳು 'ಉಚಿತ' ಎಂಬ ಫಲಕ ಹೊತ್ತು ನಿಲ್ಲುತ್ತವೆ. ಮೊದಲು ಕಂಡುದನ್ನು ತೆರೆದು ಕಾಗದಗಳೆಲ್ಲವನ್ನೂ ಅದರೊಳಕ್ಕೆ ಹಾಕಲಾಗುತ್ತದೆ. ಕ್ಷಣಮಾತ್ರದಲ್ಲಿ ಅವು ಒಂದಾಗಿ ಹಿಂದಿರುಗುತ್ತವೆ. ಆ ಕ್ಷಣದಲ್ಲಿ ಕಾಗದಗಳು ಊರನ್ನೂ, ಎಷ್ಟೋ ಸಲ ದೇಶವನ್ನೂ ಬಿಟ್ಟು, ಹೆಸರು ವಿಳಾಸ ತಿಳಿಯದ ಒಬ್ಬರ ಯಂತ್ರದಲ್ಲಿ ಪ್ರತಿಯಾಗಿ ಇಳಿದು ಬಂದಿವೆಯೆಂಬುದು ಅರ್ಜಿದಾರನಿಗೆ ಹೊಳೆಯುವುದೇ ಇಲ್ಲ. ಕೊಟ್ಟದ್ದು ಹಿಂದಕ್ಕೆ ಬಂತು ಎಂದು ಅವನು ತಿಳಿದಿರುತ್ತಾನೆ. ಹಿಂದಕ್ಕೆ ಬಂದದ್ದು ಒಂದು ಪ್ರತಿಯೆಂಬುದನ್ನೂ, ಮತ್ತೊಂದು ಪ್ರತಿಯು ಅಲ್ಲಿ ಉಳಿಯಿತೋ ಅಳಿಯಿತೋ ಎಂಬುದನ್ನು ಪರೀಕ್ಷಿಸುವ ಸಾಧನವು ತನ್ನಲ್ಲಿಲ್ಲವೆಂಬುದನ್ನೂ ಅವನಿಗೆ ಯಾರೂ ಹೇಳಿಲ್ಲ.

ಬಿಡಿ ಕಾಗದಕ್ಕೂ ಕಟ್ಟಿದ ಕಡತಕ್ಕೂ ಇರುವ ಭೇದವನ್ನು ಇಲ್ಲಿ ಚೆನ್ನಾಗಿ ಮನಗಾಣಬೇಕು. ಕೋಲಾರದ ಗಣಿಗಳಲ್ಲಿ ಕೊನೆಯ ವರ್ಷಗಳಲ್ಲಿ ಒಂದು ಟನ್ ಅದುರಿಗೆ ಕೆಲವೇ ಗ್ರಾಂ ಚಿನ್ನ ಸಿಕ್ಕುತ್ತಿದ್ದಿತು. ಅದುರಿನ ಗುಡ್ಡೆಗೆ ಕಳ್ಳನ ಭಯ ಹೆಚ್ಚಿಲ್ಲ. ಕರಗಿಸಿ ಎರಕ ಹೊಯ್ದ ಗಟ್ಟಿಗೆ ಮಾತ್ರ ಕಾವಲು ಬೇಕು. ಅಂಕಪಟ್ಟಿಯೊಂದೇ ವಂಚಕನಿಗೆ ಸಿಕ್ಕಿದರೆ ಅವನಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೆ ಹೆಸರು, ಜನ್ಮದಿನ, ಭಾವಚಿತ್ರ, ಸಹಿ, ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ, ಬ್ಯಾಂಕಿನ ಖಾತೆ, ಮನೆಯ ವಿಳಾಸ ಇವೆಲ್ಲವೂ ಒಂದೇ ವ್ಯಕ್ತಿಯವೆಂದು ಖಚಿತವಾಗಿ, ಪುಟದ ಹಿಂದೆ ಪುಟವಾಗಿ ಜೋಡಣೆಗೊಂಡು ಸಿಕ್ಕಿದರೆ, ಅವನು ಮಾಡಬೇಕಾಗಿದ್ದ ಶ್ರಮವನ್ನೆಲ್ಲ ಅರ್ಜಿದಾರನೇ ಮಾಡಿಕೊಟ್ಟಂತಾಯಿತು. ಬೇರೊಬ್ಬರ ಹೆಸರಿನಲ್ಲಿ ಸಾಲವೆತ್ತುವವನಿಗೂ ಸಿಮ್ ಕೊಳ್ಳುವವನಿಗೂ ಬೇಕಾದದ್ದು ಇಂಥ ಕಟ್ಟೇ. ಆದಕಾರಣ ಕಾಗದಗಳನ್ನು ಕೂಡಿಸುವ ಗಳಿಗೆಯೇ ಅವುಗಳಿಗೆ ಎಲ್ಲಕ್ಕಿಂತ ಹೆಚ್ಚು ಕಾವಲು ಬೇಕಾದ ಗಳಿಗೆ. ನಾವಾದರೋ ಆ ಗಳಿಗೆಯಲ್ಲಿಯೇ ಅವುಗಳನ್ನು ಅಪರಿಚಿತರ ಕೈಗೆ ಕೊಡುತ್ತಿದ್ದೇವೆ.

ಇದು ಕೇವಲ ಅಂಜುಬುರುಕರ ಮಾತೆಂದು ಹೇಳುವವರಿಗೆ ಎರಡು ಸಂಗತಿಗಳನ್ನು ಜ್ಞಾಪಿಸುತ್ತೇವೆ. 2025ರ ಮಾರ್ಚಿಯಲ್ಲಿ ಅಮೆರಿಕದ ಎಫ್.ಬಿ.ಐ. ಪತ್ತೇದಾರಿ ಇಲಾಖೆಯ ಡೆನ್ವರ್ ಕಚೇರಿಯವರು ಸಾರ್ವಜನಿಕರಿಗೆ ಒಂದು ಎಚ್ಚರಿಕೆಯನ್ನು ಹೊರಡಿಸಿದರು. ಕಡತಗಳನ್ನು ಮಾರ್ಪಡಿಸುವ, ಕೂಡಿಸುವ ಉಚಿತ ತಾಣಗಳೆಂದು ಹೇಳಿಕೊಳ್ಳುವ ಕೆಲವು, ಕೇಳಿದ ಕೆಲಸವನ್ನು ಮಾಡಿಕೊಟ್ಟೇ, ಹಿಂದಿರುಗಿಸುವ ಕಡತದೊಡನೆ ಕೇಡಿನ ತಂತ್ರಾಂಶವನ್ನು ತೂರಿಸುತ್ತಿವೆಯೆಂದೂ, ಒಪ್ಪಿಸಿದ ಕಡತಗಳಿಂದ ಗುರುತಿನ ಸಂಖ್ಯೆಗಳನ್ನೂ ಬ್ಯಾಂಕಿನ ವಿವರಗಳನ್ನೂ ಹೆಕ್ಕಿಕೊಳ್ಳಬಲ್ಲವೆಂದೂ ಅದರ ಸಾರಾಂಶ. ಎರಡನೆಯದು ನಮ್ಮ ರಾಜ್ಯದ್ದೇ. 2023ರಲ್ಲಿ ಬೆಂಗಳೂರಿನಲ್ಲಿ ಅನೇಕರ ಖಾತೆಗಳಿಂದ ಅವರಿಗೆ ತಿಳಿಯದೆಯೇ ಹಣ ಹೋಯಿತು. ನೋಂದಣಿಯಾದ ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ತೆಗೆದುಕೊಂಡು, ಬೆರಳಚ್ಚಿನ ಪಡಿಯಚ್ಚನ್ನು ತಯಾರಿಸಿ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಸೆಳೆದ ಪ್ರಕರಣಗಳು ಪೋಲೀಸರ ತನಿಖೆಯಲ್ಲಿ ಬಯಲಿಗೆ ಬಂದುವು. ಇದು ಕಡತ ಕೂಡಿಸುವ ತಾಣಗಳಿಂದ ಆದ ಅನಾಹುತವಲ್ಲ. ಆದರೆ ಒಂದೇ ಕಾಗದದಲ್ಲಿ ಕೂಡಿ ಬಂದ ಗುರುತುಗಳು ಪರರ ಕೈಗೆ ಬಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಾಗಿಲ್ಲ.

ಗುರುತಿನ ಬೆಲೆಯು ಗಣಿಯ ಜನರಿಗೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಏರ್ಪಾಟನ್ನು ಕಂಪೆನಿಗಳವರು ತಂದಾಗ, ಸಾವಿರಾರು ಮಂದಿ ಕೆಲಸ ಬಿಟ್ಟು ಮುಷ್ಕರ ಹೂಡಿದರು. ಬಹುಮಂದಿಗೆ ಅಕ್ಷರ ಬಾರದು. ಬೆನ್ನಿಗೆ ಬಲವಾದ ಸಂಘವೂ ಇರಲಿಲ್ಲ. ಆದರೂ ತಮ್ಮ ಬೆರಳ ಗುರುತು ಇನ್ನೊಬ್ಬರ ಪೆಟ್ಟಿಗೆಯಲ್ಲಿದ್ದರೆ ತಮ್ಮ ಸ್ವಾತಂತ್ರ್ಯದ ಒಂದು ಭಾಗವೂ ಅಲ್ಲಿಯೇ ಇರುವುದೆಂಬುದನ್ನು ಅವರು ಅರಿತಿದ್ದರು. ಅವರ ಮೊಮ್ಮಕ್ಕಳು ಓದು ಬಲ್ಲವರು, ಕೆಲವರು ಇಂಜಿನಿಯರುಗಳು. ಅಂಥವರು ಬೆರಳಚ್ಚಿಗಿಂತ ಹತ್ತು ಪಾಲು ಹೆಚ್ಚು ಹೇಳುವ ಕಾಗದಗಳನ್ನು ಕೇಳುವವರಿಲ್ಲದೆ ಕಳುಹಿಸಿಕೊಡುತ್ತಿರುವುದು ವಿಚಿತ್ರವಲ್ಲವೆ? ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ಏಕಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನ್ಯಾಯಸ್ಥಾನವು ಎತ್ತಿಹಿಡಿದ ಹಕ್ಕನ್ನು ನಾವು ನಮ್ಮ ಕೈಯಾರೆ ಬಿಟ್ಟುಕೊಡುವುದು ತರವಲ್ಲ.

ಇನ್ನು ಈ ಕೂಡಿಸುವ ಕೆಲಸದಲ್ಲಿ ಪರರ ನೆರವು ಬೇಕಾಗುವಂಥ ವಿದ್ಯೆಯೇನಿದೆ ಎಂಬುದನ್ನು ನೋಡೋಣ. ಹಿಂದೆ ಓಲೆಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಕಟ್ಟುತ್ತಿದ್ದರು. ಶಾನುಭೋಗರೂ ವರ್ತಕರೂ ಹುಣಿಸೆಯ ಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದು, ಮಡಿಸಿ, ಮನೆಯ ಪೆಟ್ಟಿಗೆಯಲ್ಲಿಡುತ್ತಿದ್ದರು. ಇಂದಿಗೂ ಕಚೇರಿಯ ಫೈಲಿಗೆ ನಾವು ಕಡತವೆಂದೇ ಹೇಳುತ್ತೇವೆ. ಪಿ.ಡಿ.ಎಫ್. ಎಂಬುದೂ ಇಂಥದೇ ಒಂದು ಕಟ್ಟು. ಅಡೋಬಿ ಕಂಪೆನಿಯವರು 1993ರಲ್ಲಿ ಹೊರತಂದ ಈ ರೂಪವು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ರಚನೆಯು ಎಲ್ಲರಿಗೂ ಬಯಲಾಗಿದೆ. ಅದರೊಳಗೆ ಪುಟ, ಚಿತ್ರ, ಅಕ್ಷರಗಳೆಲ್ಲವಕ್ಕೂ ಒಂದೊಂದು ಸಂಖ್ಯೆಯಿದ್ದು, ಯಾವ ಸಂಖ್ಯೆಯ ವಸ್ತು ಎಲ್ಲಿದೆಯೆಂಬ ಅನುಕ್ರಮಣಿಕೆಯೊಂದು ಕೊನೆಯಲ್ಲಿರುತ್ತದೆ. ಎರಡು ಕಡತಗಳನ್ನು ಕೂಡಿಸುವುದೆಂದರೆ ಎರಡನೆಯದರ ಸಂಖ್ಯೆಗಳನ್ನು ಮುಂದುವರಿಸಿ ಬರೆದು, ಪುಟಗಳ ಪಟ್ಟಿಯನ್ನು ಒಂದುಮಾಡಿ, ಹೊಸ ಅನುಕ್ರಮಣಿಕೆಯನ್ನು ಹಚ್ಚುವುದು, ಅಷ್ಟೆ. ಹತ್ತು ವರ್ಷದ ಹಳೆಯ ಕಂಪ್ಯೂಟರು ಕೂಡ ಇದನ್ನು ಅನಾಯಾಸವಾಗಿ ಮಾಡುತ್ತದೆ. ಹೀಗಿರುವಲ್ಲಿ ಹೊರಗಿನ ತಾಣವನ್ನು ಬೇಡುವುದು ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆಯೇ ಸರಿ.

ಕಾರ್ಯಕ್ರಮವನ್ನೂ ಹೇಳುವುದು ಯುಕ್ತ. ಫೋಟೋ ತೆಗೆದ ಕಾಗದಗಳಾದರೆ, ವಿಂಡೋಸ್ ಇರುವ ಯಂತ್ರದಲ್ಲಿ ಅವುಗಳನ್ನು ಒಟ್ಟಿಗೆ ಆರಿಸಿಕೊಂಡು, ಮುದ್ರಿಸುವ ಆಜ್ಞೆ ಕೊಟ್ಟು, ಮುದ್ರಣಯಂತ್ರದ ಸ್ಥಾನದಲ್ಲಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿ.ಡಿ.ಎಫ್.' ಎಂಬುದನ್ನು ಆರಿಸಿದರೆ ಎಲ್ಲವೂ ಒಂದೇ ಕಡತವಾಗುತ್ತವೆ. ಆಗಲೇ ಪಿ.ಡಿ.ಎಫ್. ಆಗಿರುವ ಕಾಗದಗಳಿಗೆ ಪಿ.ಡಿ.ಎಫ್.ಸ್ಯಾಮ್ ಬೇಸಿಕ್ ಎಂಬ ತಂತ್ರಾಂಶವುಂಟು. ಬೆಲೆಯಿಲ್ಲ, ಒಳಗಿನ ರಚನೆಯೂ ಬಹಿರಂಗ. ಅದನ್ನು ಅದರ ಸ್ವಂತ ತಾಣದಿಂದಲೇ ಒಮ್ಮೆ ತಂದು ಸ್ಥಾಪಿಸಿಕೊಂಡರೆ ಆಮೇಲೆ ಅಂತರಜಾಲದ ಹಂಗಿಲ್ಲದೆ ಕೆಲಸ ಮಾಡುತ್ತದೆ. ಆಪಲ್ ಯಂತ್ರದಲ್ಲಿ 'ಪ್ರಿವ್ಯೂ' ಎಂಬುದೇ ಸಾಕು. ಲಿನಕ್ಸ್ ಬಳಸುವವರಿಗೆ ಕ್ಯೂ.ಪಿ.ಡಿ.ಎಫ್. ಮುಂತಾದ ಸಾಧನಗಳು ಸುಲಭವಾಗಿ ದೊರೆಯುತ್ತವೆ. ಬ್ರೌಸರಿನಲ್ಲಿಯೇ ನಡೆಯುವುದೆಂದೂ ಕಡತವು ಹೊರಗೆ ಹೋಗುವುದಿಲ್ಲವೆಂದೂ ಹೇಳಿಕೊಳ್ಳುವ ಕೆಲವು ತಾಣಗಳೂ ಇವೆ. ಅವುಗಳ ಮಾತನ್ನು ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು: ಪುಟವು ಪೂರ್ತಿ ತೆರೆದ ಮೇಲೆ ಅಂತರಜಾಲದ ಸಂಪರ್ಕವನ್ನು ಕಡಿದು, ಬೆಲೆಯಿಲ್ಲದ ಎರಡು ಕಾಗದಗಳನ್ನು ಕೂಡಿಸಿ ನೋಡುವುದು. ಕೂಡದೆ ಹೋದರೆ ಆ ಮಾತನ್ನು ನಂಬದಿರುವುದೇ ಮೇಲು. ಕೂಡಿದರೂ ಆ ಪುಟವನ್ನು ಮುಚ್ಚಿದ ಮೇಲೆಯೇ ಸಂಪರ್ಕವನ್ನು ಪುನಃ ಕೊಡಬೇಕು.

ಕೂಡಿಸುವಾಗ ಗಮನದಲ್ಲಿಡತಕ್ಕ ಕೆಲವು ಅಂಶಗಳುಂಟು. ಮೊದಲನೆಯದಾಗಿ, ಅಧಿಕಾರಿಗಳ ಡಿಜಿಟಲ್ ಸಹಿಯುಳ್ಳ ಪತ್ರಗಳನ್ನು ಬೇರೆಯವುಗಳೊಡನೆ ಕೂಡಿಸಿದರೆ ಆ ಸಹಿಯ ಸಿಂಧುತ್ವವು ಹೊಸ ಕಡತದಲ್ಲಿ ಉಳಿಯುವುದಿಲ್ಲ. ಆದ್ದರಿಂದ ಮೂಲ ಪ್ರತಿಯನ್ನು ಬೇರೆಯಾಗಿಯೇ ಕಾಪಾಡಿ, ಸಾಧ್ಯವಿದ್ದಲ್ಲಿ ಬೇರೆಯಾಗಿಯೇ ಸಲ್ಲಿಸಬೇಕು. ಎರಡನೆಯದಾಗಿ, ಆಧಾರ್ ಪ್ರತಿಯು ಬರುವುದು ಬೀಗ ಹಾಕಿದ ಕಡತವಾಗಿ. ಅದರ ಬೀಗದ ಕೈಯನ್ನು, ಅಂದರೆ ಗುಪ್ತಪದವನ್ನು, ಅಪರಿಚಿತ ತಾಣದಲ್ಲಿ ಎಂದಿಗೂ ಬರೆಯಕೂಡದು. ಮೂರನೆಯದಾಗಿ, ಪೂರ್ಣ ಸಂಖ್ಯೆಯನ್ನು ಕಚೇರಿಯವರು ಕೇಳದಿರುವಲ್ಲಿ, ಕೊನೆಯ 4 ಅಂಕಗಳು ಮಾತ್ರ ಕಾಣುವ ಮರೆಮಾಡಿದ ಆಧಾರನ್ನು ಪ್ರಾಧಿಕಾರದ ತಾಣದಿಂದಲೇ ಪಡೆದು ಸೇರಿಸಬೇಕು. ತಾವಾಗಿಯೇ ಸಂಖ್ಯೆಯ ಮೇಲೆ ಕಪ್ಪು ಪಟ್ಟಿಯೆಳೆದರೆ, ಅನೇಕ ವೇಳೆ ಪಟ್ಟಿಯ ಅಡಿಯಲ್ಲಿ ಸಂಖ್ಯೆಯು ಹಾಗೆಯೇ ಉಳಿದು, ಬಲ್ಲವರಿಗೆ ಸಿಕ್ಕುತ್ತದೆ. ನಾಲ್ಕನೆಯದಾಗಿ, ಕೇಳಿದಷ್ಟನ್ನೇ ಕಟ್ಟಬೇಕು. ಎಲ್ಲ ಅರ್ಜಿಗೂ ಒಂದೇ ದೊಡ್ಡ ಕಟ್ಟನ್ನು ಕಳುಹಿಸುವ ಅಭ್ಯಾಸವು ಒಳ್ಳೆಯದಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಒಂದೆರಡು ಗಂಟೆಗಳಲ್ಲಿ ಎಲ್ಲವನ್ನೂ ಅಳಿಸಿಬಿಡುವುದಾಗಿ ಹೆಸರಾಂತ ತಾಣಗಳು ಬರೆದು ಹಾಕಿವೆಯಲ್ಲ ಎಂಬುದು ಮೊದಲನೆಯದು. ಬರೆದಂತೆ ನಡೆಯುವ ಪ್ರಾಮಾಣಿಕರು ಅವರಲ್ಲಿ ಇದ್ದಾರು. ಎಲ್ಲರನ್ನೂ ಕಳ್ಳರೆನ್ನುವ ಉದ್ದೇಶ ನಮಗಿಲ್ಲ. ಆದರೆ ಪ್ರಾಮಾಣಿಕನನ್ನೂ ಅವನ ವೇಷ ಹಾಕಿದವನನ್ನೂ ಹೊರಗಿನಿಂದ ಬೇರ್ಪಡಿಸುವುದು ಸಾಮಾನ್ಯನಿಗೆ ಆಗದ ಕೆಲಸ. ಮನೆಯಲ್ಲಿಯೇ ಆಗುವ ಕೆಲಸಕ್ಕೆ ಪರರ ಪ್ರಾಮಾಣಿಕತೆಯನ್ನು ಏತಕ್ಕೆ ಅವಲಂಬಿಸಬೇಕು? ಕಂಪ್ಯೂಟರೇ ಇಲ್ಲದ ಬಡವನ ಪಾಡೇನೆಂಬುದು ಎರಡನೆಯದು. ಇದು ಹೆಚ್ಚು ತೂಕದ್ದು. ಮೊಬೈಲಿನಲ್ಲಿ ಕಾಗದಗಳನ್ನು ಒಂದೊಂದಾಗಿ ಬೇರೆ ಬೇರೆ ಉಳಿಸದೆ, ಸ್ಕ್ಯಾನ್ ಮಾಡುವಾಗಲೇ ಒಂದರ ಹಿಂದೆ ಒಂದು ಪುಟವನ್ನು ಸೇರಿಸುತ್ತ ಹೋಗಿ ಒಂದೇ ಕಡತವಾಗಿ ಉಳಿಸಿದರೆ ಕೂಡಿಸುವ ಪ್ರಸಂಗವೇ ಬರುವುದಿಲ್ಲ. ಅದೂ ಆಗದವನು ಅಂಗಡಿಗೇ ಹೋಗಬೇಕು. ಅಂಗಡಿಯವನ ಧರ್ಮವೇನೆಂಬುದು ಆಗ ಮುಖ್ಯವಾಗುತ್ತದೆ.

ಅಂಗಡಿಯವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ತಮ್ಮ ಯಂತ್ರದಲ್ಲಿ ಕೂಡಿಸುವ ತಂತ್ರಾಂಶವನ್ನು ಸ್ಥಾಪಿಸಿಕೊಂಡು, ಗಿರಾಕಿಯ ಕಾಗದಗಳನ್ನು ಹೊರಗಿನ ತಾಣಕ್ಕೆ ಕಳುಹಿಸದಿರಬೇಕು. ಕೆಲಸ ಮುಗಿದೊಡನೆ ಗಿರಾಕಿಯ ಎದುರಿನಲ್ಲಿಯೇ ಅವುಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು. ವಾಟ್ಸಾಪಿನಲ್ಲಿ ಬಂದುವನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುವುದೂ ಕೂಡದು. ಹಾಗೆ ಮಾಡುವುದಾಗಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಒಂದು ಫಲಕವನ್ನು ತೂಗುಹಾಕಿದರೆ ಜನರ ವಿಶ್ವಾಸವು ಬೆಳೆದು ಅವರ ವ್ಯಾಪಾರವೂ ವೃದ್ಧಿಯಾಗುವುದರಲ್ಲಿ ಸಂದೇಹವಿಲ್ಲ. ಗಿರಾಕಿಯೂ ಕಾಸು ಕೊಟ್ಟು ಹೊರಡುವ ಮುನ್ನ ತನ್ನ ಕಾಗದ ಯಂತ್ರದಲ್ಲಿ ಉಳಿದಿದೆಯೇ ಎಂದು ಕೇಳಲು ನಾಚಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಣೆಯು ನಿಬಂಧನೆಯನ್ನು ವಿಧಿಸಿದವರದು. ಕೂಡಿಸಿ ತರಬೇಕೆಂದು ಅಪ್ಪಣೆ ಮಾಡಿ, ಕೂಡಿಸುವ ಸುರಕ್ಷಿತವಾದ ದಾರಿಯನ್ನು ತೋರಿಸದಿರುವುದು, ಬಾವಿಗೆ ಹಗ್ಗ ಕೊಡದೆ ನೀರು ತಾ ಎಂದಂತೆ. ಬಿಡಿಬಿಡಿಯಾಗಿ ಬಂದ ಕಾಗದಗಳನ್ನು ತಮ್ಮ ಯಂತ್ರದಲ್ಲಿಯೇ ಒಂದುಗೂಡಿಸಿಕೊಳ್ಳುವುದು ಕಚೇರಿಯವರಿಗೆ ಕಷ್ಟವೇನೂ ಅಲ್ಲ. ಡಿಜಿಲಾಕರ್ 2015ರಿಂದ ಇದೆ. ಅದರಲ್ಲಿರುವ ಪತ್ರವನ್ನು ಅರ್ಜಿದಾರನ ಸಮ್ಮತಿಯಿಂದ ನೇರವಾಗಿ ತರಿಸಿಕೊಳ್ಳುವ ಮಾರ್ಗವಿರುವಾಗ, ಅದೇ ಪತ್ರದ ಪ್ರತಿಯನ್ನು ಮತ್ತೆ ಕೇಳುವುದೇತಕ್ಕೆ? ಸರ್ಕಾರವೇ ಕೊಟ್ಟ ಜಾತಿಪತ್ರವನ್ನು ಸರ್ಕಾರಕ್ಕೇ ಪುನಃ ಫೋಟೋ ತೆಗೆದು ಕಳುಹಿಸಬೇಕಾದ ಪದ್ಧತಿಯು ಆದಷ್ಟು ಬೇಗ ನಿಲ್ಲುವುದು ಮೇಲು. 2022ರ ಮೇ ತಿಂಗಳಿನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯವರು, ಆಧಾರಿನ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿರೆಂದು ಪ್ರಕಟಣೆ ಹೊರಡಿಸಿ, ತಪ್ಪರ್ಥಕ್ಕೆ ಎಡೆಯಾಗುವುದೆಂಬ ಕಾರಣದಿಂದ ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಎಚ್ಚರಿಕೆಯನ್ನು ಹಿಂತೆಗೆದುಕೊಂಡುದರಿಂದ ಅಪಾಯವು ಹಿಂತೆಗೆಯಲಿಲ್ಲ.

ಕಾನೂನಿನ ಆಸರೆಯೂ ಬರುತ್ತಿದೆ. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತವಾಯಿತು. ಹಂತಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದುವು. ಇತರರ ವಿವರಗಳನ್ನು ಕಾಪಾಡುವ ಕರ್ತವ್ಯದಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸುವ ಅವಕಾಶವು ಅದರಲ್ಲಿದೆ. ಇಲ್ಲಿಯ ಜನರಿಗೆ ಸೇವೆ ಒದಗಿಸುವ ಹೊರದೇಶದವರಿಗೂ ಅದು ಅನ್ವಯಿಸುತ್ತದೆ. ಆದರೆ ಹೆಸರಿಲ್ಲದ ತಾಣದ ಒಡೆಯನನ್ನು ಸಪ್ತಸಮುದ್ರದಾಚೆ ಹುಡುಕಿ ನಿಲ್ಲಿಸುವವರಾರು? ಊರಿಗಾಮಿನ ನಿವೃತ್ತ ಕಾರ್ಮಿಕನು ಅದಕ್ಕಾಗಿ ಎಷ್ಟು ವರ್ಷ ಓಡಾಡಿಯಾನು? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕುವುದಕ್ಕಿಂತ, ಕಡತವು ಮನೆಯಿಂದ ಹೊರಡದಂತೆ ನೋಡಿಕೊಳ್ಳುವುದೇ ಸುಲಭವಾದ ರಕ್ಷಣೆ.

ಆದುದರಿಂದ ಜಿಲ್ಲೆಯ ಅಧಿಕಾರಿಗಳು, ನಾಡಕಚೇರಿಗಳಲ್ಲಿಯೂ ಗ್ರಾಮ ಒನ್ ಕೇಂದ್ರಗಳಲ್ಲಿಯೂ ಕಡತ ಕೂಡಿಸುವ ತಂತ್ರಾಂಶವುಳ್ಳ ಒಂದೊಂದು ಯಂತ್ರವನ್ನು ಸಾರ್ವಜನಿಕರಿಗಾಗಿ ಇಡಿಸಬೇಕೆಂದೂ, ಬಳಸುವ ಕ್ರಮವನ್ನು ಸರಳವಾದ ಕನ್ನಡದಲ್ಲಿ ಬರೆಯಿಸಿ ಗೋಡೆಗೆ ಹಚ್ಚಿಸಬೇಕೆಂದೂ ಸೂಚಿಸುತ್ತೇವೆ. ಖರ್ಚು ಅತ್ಯಲ್ಪ. ಹೈಸ್ಕೂಲಿನ ಉಪಾಧ್ಯಾಯರು ಒಂದು ಗಂಟೆಯ ಪಾಠದಲ್ಲಿ ಇದನ್ನು ಮಕ್ಕಳಿಗೆ ಕಲಿಸಬಹುದು. ಕಲಿತ ಮಕ್ಕಳು ಮನೆಯ ಹಿರಿಯರ ಕಾಗದಗಳನ್ನು ತಾವೇ ಕಟ್ಟಿಕೊಡುವರು. ಅಲ್ಲಿಯವರೆಗೆ ಪ್ರತಿಯೊಬ್ಬನೂ, ಪಿಂಚಣಿಗಾಗಲಿ ಮನೆಯ ಹಕ್ಕಿಗಾಗಲಿ ಮಗಳ ವಿದ್ಯಾರ್ಥಿವೇತನಕ್ಕಾಗಲಿ ಮುಂದಿನ ಅರ್ಜಿಯನ್ನು ಹಾಕುವಾಗ, 'ಉಚಿತ' ಎಂಬ ಫಲಕದ ಮುಂದೆ ಒಂದು ಗಳಿಗೆ ನಿಂತು, ಈ ಕೆಲಸವು ನನ್ನ ಯಂತ್ರದಲ್ಲಿಯೇ ಆಗುವುದಿಲ್ಲವೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಆಗುತ್ತದೆ ಎಂಬುದೇ ಉತ್ತರ.